ಮೇಣ ಹಚ್ಚಿದ ಗುಂಡು

ಟ್ಯಾಬಿನ ಪ್ರಕಾರ ನಾವೀಗ ರಸ್ತೆಯ ಮೇಲಿದ್ದೇವೆ.
ಉಪಗ್ರಹ ಫೋಟೋ ತೆಗೆದದ್ದು ಯಾವುದೋ ಏಪ್ರಿಲ್ಲಿನಲ್ಲಿರಬೇಕು,
ಹಾರಂಗಿ ಬತ್ತಿ, ಅಂಗಳದಲ್ಲಿ ದನ ಮೇಯುತ್ತಿದ್ದ ಹೊತ್ತು.
ಹಸಿರು ಬಾಣವೊಂದು, ಅದೇ ನಮ್ಮ ದೋಣಿ,
ಒಣನೆಲದ ಮೇಲೆ ಗಂಟೆಗೆ ಆರು ಕಿಲೋಮೀಟರಿನಂತೆ
ನಾಚಿಕೆಯಿಲ್ಲದೆ ಹೋಗುತ್ತಿದೆ.

"ದನ ಕಾಣ್ತವೆ ನೋಡಿ ಅಂಕಲ್," ಸಫೂರ ದೊಡ್ಡದು ಮಾಡಿ ತೋರಿಸುತ್ತಾಳೆ.
ನಮ್ಮ ಕೆಳಗೆ ಹನ್ನೊಂದು ಮೀಟರು ನೀರು.

ನನ್ನ ತೊಡೆಯ ಮೇಲೆ ಇನ್ನೊಂದು ಸುಳ್ಳು,
ಕಾಗದದ್ದು. ಅಣೆಕಟ್ಟಿಗೂ ಮೊದಲಿನ ಸರ್ವೆ ನಕ್ಷೆ.
ಬೆನ್ನಿಗೆ ಬಟ್ಟೆ ಅಂಟಿಸಿದೆ, ಎಂಟು ಮಡಿಕೆ,
ಮಡಿಕೆ ಸವೆದಲ್ಲಿ ಒಂದಿಡೀ ಬಾಣೆ ಹರಿದುಹೋಗಿದೆ.
ಇದರಲ್ಲಿ ಇರುವುದು ಒಂದೆಳೆ ಹೊಳೆ,
ಹೊಳೆಗೊಂದು ಕಲ್ಲುಸೇತುವೆ, ಆಚೆಗೆ ಗದ್ದೆ,
ಗದ್ದೆಯಂಚಿಗೆ ಬಾವಿ, ಬಾವಿಗೊಂದು ಚುಕ್ಕಿ.
ಅದಕ್ಕೆ ಬಂದ ನೀರು ಕಾಣದು,
ಇದಕ್ಕೆ ಬರುವ ನೀರು ಗೊತ್ತಿರಲಿಲ್ಲ.
ನಡುವೆ ನಾವಿಬ್ಬರು, ಫೈಬರ್ ದೋಣಿ, ಕೆಮ್ಮುವ ಎಂಜಿನು.

ನೌಕಾಪಡೆಯಲ್ಲಿ ಹದಿನೇಳು ವರ್ಷ
ನಾನು ಮಾಡಿದ್ದು ತಿದ್ದುವ ಕೆಲಸ.
ಮದುವೆಮನೆಗಳಲ್ಲಿ ಲೋಟ ಕೈಗಿತ್ತು
"ಬಿದ್ದಪ್ಪಣ್ಣ, ಯಾವ ಯುದ್ಧ?" ಎಂದು ಕೇಳುತ್ತಾರೆ.
ಕೈಯಲ್ಲಿದ್ದದ್ದು ಸೂಜಿಮೊನೆಯ ಪೆನ್ನು, ನೇರಳೆಗೆಂಪು ಶಾಯಿ.
ಎಲ್ಲೋ ಒಂದು ದೀಪ ಆರಿತು, ಎಲ್ಲೋ ಹಡಗು ಮುಳುಗಿತು;
ವಾರಕ್ಕೊಮ್ಮೆ ಪಟ್ಟಿ ಬರುವುದು.
ಚಾರ್ಟಿನ ಮೇಲೆ ಸಾಸಿವೆಯಷ್ಟು ಗುರುತು,
ಎಡಗಡೆ ಕೆಳಮೂಲೆಯಲ್ಲಿ ತಿದ್ದುಪಡಿಯ ಸಂಖ್ಯೆ.
ಹಳೆಯದನ್ನು ಕೆರೆಯುವಂತಿಲ್ಲ.
ಮೇಲೊಂದು ಗೆರೆ ಸಾಕು, ಕೆಳಗಿನದು ಓದಲು ಸಿಗಬೇಕು.
ತಪ್ಪೂ ಕಾಣುತ್ತಿರಲಿ ಎನ್ನುತ್ತಿದ್ದ ನಮ್ಮ ಚೀಫ್,
ತನ್ನ ತಪ್ಪುಗಳನ್ನು ಬಿಟ್ಟು.

ಹನ್ನೊಂದು. ಹನ್ನೊಂದು. ಹತ್ತೂವರೆ.
ನಾಲ್ಕು.

"ನಾಲ್ಕಾ?" ಸಫೂರ ಆಳಮಾಪಕವನ್ನು ತಟ್ಟಿದಳು,
ಹಳೇ ರೇಡಿಯೋಕ್ಕೆ ತಟ್ಟುವಂತೆ.
ನಾನು ಎಂಜಿನು ನಿಲ್ಲಿಸಿ, ಕಾಗದದ ಮೇಲೆ ಬೆರಳಿಟ್ಟು
"ಸೇತುವೆ" ಎಂದೆ, ಸ್ವಲ್ಪ ಜಂಬದಿಂದಲೇ.
ಗಾಳಿಗೆ ದೋಣಿ ಜಾರಿತು. ನಾಲ್ಕು.
ಇನ್ನೂ ಜಾರಿತು. ಮೂರೂವರೆ.
ಇಷ್ಟು ಅಗಲದ ಸೇತುವೆಯನ್ನು
ಯಾವ ದೊರೆಯೂ ಕಟ್ಟಿಸಿಲ್ಲ.

ಚೀಲದಿಂದ ಸೀಸದ ಗುಂಡು ತೆಗೆದೆ.
ಅದರ ತಳದಲ್ಲೊಂದು ಗುಳಿ. ಹಿಂದಿನವರು ಕೊಬ್ಬು ತುಂಬುತ್ತಿದ್ದರಂತೆ,
ನಾನು ಮೆತ್ತುವುದು ಜೇನುಮೇಣ, ಭಾಗಮಂಡಲದ್ದು.
ಹಗ್ಗ ಬೆರಳ ಸಂದಿಯಲ್ಲಿ ಸರಸರ ಇಳಿದು
ಸುಮ್ಮನೆ ಕೂತಿತು.
ಕಲ್ಲು ತಾಗಿದರೆ ಮೊಣಕೈಗೆ ಗೊತ್ತಾಗುತ್ತದೆ. ಇದು ಕಲ್ಲಲ್ಲ.

ಮೇಲೆಳೆದಾಗ ಮೇಣದ ತುಂಬ ಕೆಮ್ಮಣ್ಣು,
ಅದರೊಳಗೆ ಕೂದಲೆಳೆಯಂಥ ಬೇರು.
ಇಲ್ಲಿ ಇರಬೇಕಾದದ್ದು ಗದ್ದೆಯ ಕರಿಗೋಡು.

ಸಫೂರ ಮಾದಾಪುರದ ಮೇಲುಗಡೆಯವಳು.
ಮಣ್ಣನ್ನು ಬೆರಳಲ್ಲಿ ಉಜ್ಜಿದಳು,
ಅಂಗಡಿಯಲ್ಲಿ ಬಟ್ಟೆಯ ಅಂಚು ನೋಡುವಂತೆ.
"ನಮ್ಮ ಲೈನ್‌ಮನೆ ಹಿಂದಿನ ಗುಡ್ಡ," ಅಂದಳು.
ನಿನಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.

ಆ ಆಗಸ್ಟಿನಲ್ಲಿ ಎಲ್ಲ ಬರೆದುಕೊಂಡಿದ್ದರು:
ಹೋದವರ ಹೆಸರು, ಹೋದ ದನ, ಹೋದ ಶೀಟು, ಪಾತ್ರೆ,
ರೇಷನ್ ಕಾರ್ಡು.
ಗುಡ್ಡ ಎಲ್ಲಿಗೆ ಹೋಯಿತೆಂದು
ಯಾರ ಫಾರಮ್ಮಿನಲ್ಲೂ ಕಾಲಂ ಇರಲಿಲ್ಲ.

ಟ್ಯಾಬು ಕೇಳಿತು: ಬಂಡೆ? ಮರಳು? ಕೆಸರು?
ಅವಳ ಬೆರಳು ಗಾಳಿಯಲ್ಲೇ ನಿಂತಿತ್ತು,
ಪರದೆ ಮಂಕಾಗಿ ಆರುವಷ್ಟು ಹೊತ್ತು.
ಮತ್ತೆ ಮುಟ್ಟಿ ಎಬ್ಬಿಸಿ, ಕೆಸರು ಒತ್ತಿದಳು.

ನಾನು ಕಾಗದ ಬಿಡಿಸಿ ಗದ್ದೆಯ ಮೇಲೆ ತೆಳ್ಳಗೊಂದು ಗೆರೆ ಎಳೆದೆ,
ಗದ್ದೆ ಓದಲು ಸಿಗುವಂತೆ.
ಪಕ್ಕದಲ್ಲಿ ಬರೆದೆ: ಗುಡ್ಡ, ಮೂರೂವರೆ ಮೀಟರು ಕೆಳಗೆ.
ಸೇತುವೆಗೆ ಗೆರೆ ಹಾಕಲಿಲ್ಲ.
ಸಿಕ್ಕಲಿಲ್ಲ ಅಷ್ಟೆ, ಇಲ್ಲವೆಂದೇನಲ್ಲ.
ಅದಕ್ಕೊಂದು ಪ್ರಶ್ನೆಚಿಹ್ನೆ.
ಎಡಗಡೆ ಕೆಳಮೂಲೆಯಲ್ಲಿ ತಾರೀಕು, ಸಂಖ್ಯೆ: ಒಂದು.

ಸಫೂರ ಗುಂಡಿನಿಂದ ಮೇಣವನ್ನು ಉಗುರಲ್ಲಿ ಬಿಡಿಸಿ
ಬುತ್ತಿಯ ಮುಚ್ಚಳಕ್ಕೆ ಹಾಕಿ, ಮುಚ್ಚಿದಳು.
"ಹೊಸದು ಹಚ್ಚಿ ಅಂಕಲ್,
ಇನ್ನೂ ನಲವತ್ತು ಕಡೆ ಬಿಡೋದಿದೆ."