ಒಗ್ಗರಣೆ ಡಬ್ಬಿ

ಅಸ್ಕ್ ಊರಿನ ಸೇತುವೆ ಪಕ್ಕ ನನ್ನ ಕನ್ನಡಕದ ಅಂಗಡಿ.
ಎಮ್ರಿಸ್ ಪ್ರಾಸರ್ ಬರುವುದು ಮಂಗಳವಾರ, ಹನ್ನೊಂದಕ್ಕೆ.
ಗೋಡೆಯ ಮೇಲಿನ ದೊಡ್ಡ ಸಾಲು ಓದಿ
ಉಳಿದದ್ದನ್ನು ಊಹಿಸಿ, ಊಹೆ ತಪ್ಪಿದ್ದಕ್ಕೆ
ನನ್ನ ಬೋರ್ಡನ್ನೇ ಬೈದು ಹೋಗುತ್ತಾರೆ.
ಕಣ್ಣಿನ ನಟ್ಟನಡುವೆ ಒಂದು ಕಲೆ ಕೂತಿದೆ ಅವರಿಗೆ.
ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದರೆ ಇಲ್ಲ.
ಅದಕ್ಕೆ ಗಾಜಿಲ್ಲ ನನ್ನ ಹತ್ತಿರ.

ಹೋದ ವಾರ ಅಂದರು: ಡ್ರಾಯರ್ ಬಿತ್ತು.
ಐವತ್ತು ವರ್ಷದ ಗಾಳ, ಎಲ್ಲ ಒಂದೇ ರಾಶಿ.

ಭಾನುವಾರ ಹೋದೆ. ಮೇಜಿನ ಮೇಲೆ ನವಿಲುಗರಿ,
ಮೊಲದ ಕಿವಿಯ ರೋಮ, ಹುಂಜದ ಕತ್ತಿನ ಪುಕ್ಕ,
ಮೇಣ ತಿಕ್ಕಿದ ರೇಷ್ಮೆ ದಾರ.
ಇವನ್ನು ಗಾಳಕ್ಕೆ ಸುತ್ತಿ ಸುತ್ತಿ ನೊಣ ಮಾಡುತ್ತಾರೆ,
ಮೀನು ನಂಬುವಂಥ ನೊಣ.
ಆ ರಾಶಿಯೋ, ಬೀಗರನ್ನು ಕರೆದ ಹಾಗೆ:
ಒಂದನ್ನು ಎತ್ತಿದರೆ ಹನ್ನೆರಡು ಹೊರಟು ಬರುತ್ತವೆ.

ನಾನು ಒಯ್ದಿದ್ದು ನನ್ನ ಒಗ್ಗರಣೆ ಡಬ್ಬಿ.
ಏಳು ಬಟ್ಟಲು, ಸ್ಟೀಲು, ಗದಗಿನ ಪೇಟೆಯದು,
ಅಡಿಯಲ್ಲಿ ಅವ್ವನ ಹೆಸರು ಕೊರೆಸಿದ್ದು.
ಎರಡು ಸಲ ತೊಳೆದರೂ ಇಂಗು ಹೋಗಿರಲಿಲ್ಲ.
ಎಮ್ರಿಸ್ ಮೂಸಿ ನೋಡಿ, "ಮೀನು ಊರು ಬಿಡುತ್ತವೆ" ಅಂದರು.

ಲೆಕ್ಕ ತಿರುವುಮುರುವು ಇವರದು.
ಹತ್ತು ಅಂದರೆ ದೊಡ್ಡ ಗಾಳ, ಇಪ್ಪತ್ತು ಅಂದರೆ ಎಳ್ಳಿನಷ್ಟು.
ಸಂಖ್ಯೆ ಏರಿದಷ್ಟೂ ಸೊರಗುತ್ತದೆ.
"ನನ್ನ ಹಾಗೆ," ಎಂಬತ್ತೊಂದರ ಎಮ್ರಿಸ್.

ಚಿಮಟ, ಭೂತಗನ್ನಡಿ, ಅಳತೆಪಟ್ಟಿ ಹಿಡಿದು ಕೂತೆ.
ಸಾಸಿವೆ ಬಟ್ಟಲಿಗೆ ಹತ್ತು, ಜೀರಿಗೆಯದಕ್ಕೆ ಹನ್ನೆರಡು,
ಮೆಂತ್ಯದ್ದಕ್ಕೆ ಹದಿನಾಲ್ಕು.
ಅರ್ಧ ಗಂಟೆಗೆ ಹನ್ನೊಂದು ಗಾಳ, ಹೆಬ್ಬೆರಳಿಗೆ ಎರಡು ತೂತು.

ಕಿಟಕಿಯತ್ತ ಮುಖ ಮಾಡಿ ಸುಮ್ಮನಿದ್ದವರು
"ತಪ್ಪು" ಅಂದರು.
"ಈಗ ಬಿದ್ದದ್ದು ಹದಿನಾಲ್ಕಲ್ಲ. ಹದಿನಾರು."
ತೆಗೆದು ಅಳೆದೆ.
ಹದಿನಾರು.

ಆಮೇಲೆ ನಾನು ಬಿಡಿಸುವುದು,
ಅರಿಸಿನದ ಖಾಲಿ ಬಟ್ಟಲಿಗೆ ಒಂದೊಂದೇ ಬೀಳಿಸುವುದು,
ಅವರು ಕೇಳಿ ಹೇಳುವುದು.
ಠಣ್. ಹತ್ತು.
ಟಿಣ್. ಹದಿನಾಲ್ಕು, ತೆಳು ತಂತಿಯದು.
ಟಿ. ಹದಿನೆಂಟು.
ಇಪ್ಪತ್ತರದು ನನಗೆ ಕೇಳಲೇ ಇಲ್ಲ, ಅವರು ತಲೆದೂಗಿದರು.
ಇಪ್ಪತ್ತೆರಡು ವರ್ಷ ಕಣ್ಣಿನ ವ್ಯಾಪಾರ ಮಾಡಿದವಳು
ಒಂದು ಮಧ್ಯಾಹ್ನ ಕಿವಿಯ ಕೈಕೆಳಗೆ ಕೂಲಿ ಮಾಡಿದೆ.

ಗಾಳಕ್ಕೆ ವೈರಿ ಇಲ್ಲಿಯ ಗಾಳಿ,
ಒಣಗುವುದೇ ಗೊತ್ತಿಲ್ಲ ಅದಕ್ಕೆ.
ಉಪ್ಪಿನ ಭರಣಿಗೆ ಹಾಕುವ ಹಾಗೆ
ಬಟ್ಟಲಿಗೆ ನಾಲ್ಕು ನಾಲ್ಕು ಅಕ್ಕಿಕಾಳು ಹಾಕಿದೆ.
"ಮದುವೆ ಯಾರದು?" ಅಂತ ಕೇಳಿದರು.

ಕೊನೆಗೆ ಒಂದು ಬಿತ್ತು. ಠಣ್ಣೂ ಅಲ್ಲ, ಟಿಣ್ಣೂ ಅಲ್ಲ.
ತುಸು ಹೊತ್ತು ಏನೂ ಹೇಳಲಿಲ್ಲ.
"ಮೊನೆ ಇದೆಯಾ ಅದಕ್ಕೆ?"
ಇಲ್ಲ. ಇಕ್ಕಳದಲ್ಲಿ ಕತ್ತರಿಸಿದ್ದಾರೆ.
"ಗೆಥಿನ್‌ನ ಕಿವಿಯಿಂದ ತೆಗೆದದ್ದು.
ಏಳು ವರ್ಷ ಅವನಿಗೆ, ನನ್ನ ಹಿಂದೆ ನಿಂತಿದ್ದ,
ನಾನು ನೋಡದೆ ಬೀಸಿದೆ.
ಅಳಲಿಲ್ಲ. ಮೀನು ತಪ್ಪಿಸಿಕೊಂಡಿತಾ ಅಂದ.
ಈಗ ಸ್ವಾನ್ಸಿಯಲ್ಲಿದ್ದಾನೆ. ಮೀನು ತಿನ್ನುವುದಿಲ್ಲ."

ಯಾವುದಕ್ಕೆ ಹಾಕಲಿ ಅಂದೆ.
"ಆಗ ಹನ್ನೆರಡಾಗಿತ್ತು" ಅಂದರು, ಮತ್ತೆ ಯೋಚಿಸಿದರು.
"ಇದ್ದಲ್ಲೇ ಇರಲಿ."
ಅದಕ್ಕೂ ಅಕ್ಕಿ ಹಾಕಿ ಮುಚ್ಚಳ ಒತ್ತಿದೆ.

ರಾತ್ರಿ ಮನೆಯಲ್ಲಿ ಕಾಗದದ ಪೊಟ್ಟಣ ಬಿಚ್ಚಿ
ಎಣ್ಣೆಗೆ ಸಾಸಿವೆ ಹಾಕಿದೆ.
ದೀಪ ಆರಿಸಿ ನಿಂತು ಕೇಳಿದೆ.
ಚಟ್. ಹದಿನೆಂಟು.
ಚಟ್ ಚಟ್. ಇಪ್ಪತ್ತು ಇರಬೇಕು.