ಬಿಟ್ಟ ಸ್ಥಳ

ತಾಂಪೆರೆ ನಗರಸಭೆಯ ಮೂರನೇ ಮಹಡಿಯಲ್ಲಿ
ನನ್ನ ಕೆಲಸ ಇಷ್ಟೇ:
ಬಿಟ್ಟ ಸ್ಥಳಗಳನ್ನು ಬಿಡುವುದು.
ಯಾವುದು ಎಷ್ಟು ಅಗಲ, ಯಾವುದು ಮೊದಲು,
ಯಾವುದರ ನೆತ್ತಿಗೆ ಕಡ್ಡಾಯದ ಕೆಂಪು ನಕ್ಷತ್ರ.

ಇವತ್ತು ಅರ್ಜಿಯನ್ನು ಪರೀಕ್ಷಿಸಲು ಬಂದವರು ತೌನೊ.
ಎಂಬತ್ತೊಂದು ವಯಸ್ಸು. ಕಣ್ಣು ಹೋಗಿ ಹನ್ನೆರಡು ವರ್ಷ.
ಹತ್ತಿಗಿರಣಿಯಲ್ಲಿದ್ದಾಗ ನೂರು ಮಗ್ಗಗಳ ಗದ್ದಲದೊಳಗೆ
ಎಳೆ ಎಲ್ಲಿ ಕಡಿಯಿತೆಂದು ಕಿವಿಯಿಂದಲೇ ಹೇಳುತ್ತಿದ್ದರಂತೆ.
ಕೋಟು ಕಳಚಲಿಲ್ಲ. ಕಾಫಿ ಕೇಳಿದರು, ಎರಡು ಸಲ.

ಅರ್ಜಿ ಸಣ್ಣದು: ಮನೆಯ ಮೆಟ್ಟಿಲಿಗೊಂದು ಕೈಹಿಡಿ ಬೇಕು.

ಕೀಲಿ ಒತ್ತಿದರು. ಯಂತ್ರ ಓದಿತು:
"ಬರೆಯುವ ಜಾಗ. ಖಾಲಿ."
ಇನ್ನೊಮ್ಮೆ ಒತ್ತಿದರು.
"ಬರೆಯುವ ಜಾಗ. ಖಾಲಿ."
"ಬರೆಯುವ ಜಾಗ. ಖಾಲಿ."
"ಏನು ಬರೆಯಬೇಕು?" ಅಂದರು.
ಅಲ್ಲೇ ಇದೆಯಲ್ಲ, ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ.
ಪ್ರಶ್ನೆಗಳನ್ನು ತಿಳಿಬೂದು ಬಣ್ಣದಲ್ಲಿ, ಜಾಗದ ಒಳಗೇ ಇಟ್ಟಿದ್ದೆ,
ಬೆರಳು ತಾಗಿದೊಡನೆ ಕರಗುವ ಹಾಗೆ.
ಅದಕ್ಕೊಂದು ಬಹುಮಾನವೂ ಬಂದಿತ್ತು.

ಆಮೇಲೆ ನಾನೇ ಓದಿ ಹೇಳತೊಡಗಿದೆ.
ಹುಟ್ಟಿದ ವರ್ಷ: ಈ ವರ್ಷದಿಂದ ಒಂದೊಂದೇ ಇಳಿಯಬೇಕು.
ಎಂಬತ್ತೊಂದು ಸಲ ಒತ್ತಿದರು.
ನಡುವೆ ಒಂದು ವರ್ಷದ ಮೇಲೆ ಬೆರಳು ತುಸು ನಿಂತಿತು.
ನಾನು ಕೇಳಲಿಲ್ಲ.

ಸಂಗಾತಿಯ ಹೆಸರು ಎಂದೊಡನೆ
ಸರಸರನೆ ಬರೆದರು: ಹಿಲ್ಯಾ.
"ಇದೊಂದು ನನಗೆ ರೂಢಿ," ಅಂದರು.
"ಅವಳು ಹೋಗಿ ನಾಲ್ಕು ವರ್ಷ.
ಹಳೆಯ ಅರ್ಜಿಯಲ್ಲಿ ಖಾಲಿ ಬಿಟ್ಟೆ. ತಪ್ಪು, ಅಂದಿತು ಯಂತ್ರ.
ಯಾಕೆ ತಪ್ಪೆಂದು ಹೇಳಲಿಲ್ಲ.
ಒಂದು ಗೆರೆ ಎಳೆದೆ. ತಪ್ಪು.
'ಇಲ್ಲ' ಎಂದು ಬರೆದೆ. ಒಪ್ಪಿತು.
ವಾರದೊಳಗೆ ಕಾಗದ ಬಂತು, 'ಶ್ರೀಮತಿ ಇಲ್ಲ' ಅವರಿಗೆ."
ನಾವಿಬ್ಬರೂ ನಕ್ಕೆವು. ಅವರು ಮೊದಲು ನಿಲ್ಲಿಸಿದರು.

"ಅದಕ್ಕಿಂತ ಅವಳ ಹೆಸರೇ ಇರಲಿ ಅಂದುಕೊಂಡೆ.
ಈಗ ಕಸದ ಗಾಡಿಯ ವೇಳೆ, ನೀರಿನ ದರ,
ಚಳಿಗಾಲದ ಲಸಿಕೆ, ಎಲ್ಲ ಅವಳಿಗೆ ಬರುತ್ತವೆ.
ಫೋನಿನ ಮುಂದೆ ಹಿಡಿದರೆ ಅದು ಓದುತ್ತದೆ:
ಮಾನ್ಯ ಹಿಲ್ಯಾ ಅವರೇ.
ಕೊನೆಯ ಅಕ್ಷರ ಸ್ವಲ್ಪ ಎಳೆಯುತ್ತದೆ,
ಅವಳ ತಂಗಿ ಕರೆಯುತ್ತಿದ್ದ ಹಾಗೆ."

ಸಂಜೆಯವರೆಗೆ ತಿದ್ದಿದೆ.
ಪ್ರಶ್ನೆಗಳನ್ನು ಜಾಗದ ಹೊರಗೆ, ಮೇಲುಗಡೆ,
ಕಪ್ಪಕ್ಷರದಲ್ಲಿ, ಯಂತ್ರಕ್ಕೂ ಕೇಳುವಂತೆ ಕೂರಿಸಿದೆ.
ವರ್ಷವನ್ನು ನಾಲ್ಕು ಅಂಕಿಯಲ್ಲಿ ಬರೆದುಬಿಡಬಹುದು.
ತಪ್ಪಾದರೆ ಯಾವುದು, ಯಾಕೆ ಎಂಬುದಕ್ಕೊಂದು ವಾಕ್ಯ;
ಬರೆದದ್ದು ಅಳಿಸಿಹೋಗುವುದಿಲ್ಲ.
ಮತ್ತೆ, ಮೆಟ್ಟಿಲಿಗೆ ಕೈಹಿಡಿ ಕೇಳಿದವರನ್ನು
ಕೈಹಿಡಿದವಳ ಹೆಸರು ಯಾಕೆ ಕೇಳುತ್ತಿದ್ದೆವು?
ಪಕ್ಕದ ಮೇಜಿನ ಸೈಮಾಳನ್ನು ವಿಚಾರಿಸಿದೆ.
"ಮೊದಲಿನಿಂದ ಇತ್ತು," ಅಂದಳು.

ಅದನ್ನು ತೆಗೆಯುತ್ತೇನೆ ಎಂದು ತೌನೊಗೆ
ಹೊರಡುವ ಮೊದಲೇ ಹೇಳಿದ್ದೆ.
"ಆಗ ಕಾಗದಗಳು ನಿಲ್ಲುತ್ತವೆಯೇ?"
"ಪಟ್ಟಿಯೂ ಸರಿಹೋಗುತ್ತದೆ. ನಿಲ್ಲುತ್ತವೆ."
ಆರಿದ ಕಾಫಿಯನ್ನು ಪೂರ್ತಿ ಕುಡಿದರು.
ಬಟ್ಟಲಿಡಲು ಮೇಜಿನ ಅಂಚನ್ನು ಬೆರಳಿನಿಂದ ಹುಡುಕಿದರು.
"ತೆಗೆಯಿರಿ," ಅಂದರು. "ಬೇರೆಯವರಿಗೆ ಕಷ್ಟ."
ಬಾಗಿಲ ಹತ್ತಿರ ನಿಂತು:
"ಸೋಮವಾರ ತೆಗೆದರೆ ಆಗದೇ?
ಲಸಿಕೆಯ ಕಾಗದ ಈ ವಾರ ಬರುತ್ತದೆ."

ಸೋಮವಾರದವರೆಗೆ ಕಾದೆ.
ನಮ್ಮ ಕಚೇರಿಗೂ ಒಂದು ನಮೂನೆಯಿದೆ:
ವಿಳಂಬಕ್ಕೆ ಕಾರಣ. ಇನ್ನೂರು ಅಕ್ಷರ. ಕೆಂಪು ನಕ್ಷತ್ರ.
ಬಹಳ ಹೊತ್ತು ಕೂತು
ಒಂದು ಗೆರೆ ಎಳೆದೆ.

ಒಪ್ಪಲಿಲ್ಲ.