ನೀರುಗಂಟಿಯ ತೊಟ್ಟಿ

ಹತ್ತೊಂಬತ್ತು ಎಂ.ಎಂ. ಪ್ಲೈವುಡ್, ಎಂಟಕ್ಕೆ ನಾಲ್ಕರ ಹಾಳೆ—
ಮುನಾಫ್ ಲಗೇಜ್ ಆಟೋದಲ್ಲಿ ತಂದು
ಓಣಿಯ ಬಾಯಲ್ಲಿ ಇಳಿಸಿದಾಗ ಎದುರುಮನೆಯವರು ಕೇಳಿದರು:
ಮಂಚವೋ, ಬಾಗಿಲೋ?
ಕೆರೆ, ಅಂದೆ.
ನಕ್ಕರು.

ಇಪ್ಪತ್ತಾರು ವರ್ಷ ಶಿವಮೊಗ್ಗಕ್ಕೆ ನೀರು ಬಿಟ್ಟಿದ್ದೇನೆ.
ಜಾವ ನಾಲ್ಕಕ್ಕೆ ವಿನೋಬನಗರ, ಐದೂವರೆಗೆ ಗೋಪಾಳ.
ಕಬ್ಬಿಣದ ಮುಚ್ಚಳ ಎತ್ತಿ, ಉದ್ದ ಕೀಲಿ ಇಳಿಸಿ
ಹನ್ನೊಂದು ಸುತ್ತು, ಎಡಕ್ಕೆ.
ನೆಲದೊಳಗೆ ತುಂಗೆ ಗುರುಗುಟ್ಟುತ್ತ ಹೋಗುವುದು
ಅಂಗಾಲಿಗೆ ತಿಳಿಯುತ್ತದೆ, ಅಷ್ಟೇ.
ಬಿಡುವವನಿಗೆ ನೀರಿನ ಮುಖ ಕಾಣುವುದಿಲ್ಲ.

ಮುನಾಫ್ ಆಟೋ ಕಾಂಪ್ಲೆಕ್ಸಿನಲ್ಲಿ ಬಸ್ಸಿಗೆ ಮೈ ಕಟ್ಟುವವನು.
ಅವನ ಲೆಕ್ಕದಲ್ಲಿ ತೊಟ್ಟಿಯೂ ಬಸ್ಸೇ,
ಕಿಟಕಿ ಒಂದೇ, ಅದೂ ತೆಗೆಯಕ್ಕೆ ಬರಲ್ಲ.
"ಎರಡು ಟನ್ ಹಾಲೇಶಣ್ಣ,
ಸಕ್ರೆಬೈಲಿನ ಹೆಣ್ಣಾನೆ ತಂದು ನಡುಮನೇಲಿ ನಿಲ್ಲಿಸ್ದಂಗೆ"
ಎಂದು ಎರಡಿಂಚಿನ ಚೌಕ ಪೈಪಿನಲ್ಲಿ ಎಂಟು ಕಾಲು ಬೆಸೆದ.

ಒಳಗೆ ಇಪಾಕ್ಸಿ ಮೂರು ಸಲ ಬಳಿದೆ.
ಹನುಮಕ್ಕ ಮೂಗಿಗೆ ಸೆರಗು ಒತ್ತಿ ಸಾರು ಬಡಿಸಿದಳು.
ಎರಡನೇ ಪದರಕ್ಕೆ ಒಂದು ಸೊಳ್ಳೆ ಅಂಟಿಕೊಂಡಿತು,
ಅದರ ಮೇಲೇ ಮೂರನೆಯದು.
ಈಗಲೂ ಇದೆ ಅದು, ನೀರಿನ ತಳದಲ್ಲಿ,
ಒಂದಿಷ್ಟೂ ಒದ್ದೆಯಾಗದೆ.

ನೀರುಗಂಟಿ ಮನೆಗೆ ನೀರಿಗೇನು ಬರ
ಅನ್ನುವ ಮಾತು ಬರಬಾರದು ನೋಡಿ,
ನಮ್ಮ ಓಣಿಯ ಸರದಿಯಲ್ಲೇ, ನಮ್ಮ ನಲ್ಲಿಯಲ್ಲೇ
ಕೊಡ ಕೊಡ ಹಿಡಿದು ಸುರಿದೆವು.
ಹನುಮಕ್ಕ ಗೋಡೆಗೆ ಸೀಮೆಸುಣ್ಣದ ಗೀಟು ಹಾಕಿದಳು,
ಹಾಲಿನವಳ ಲೆಕ್ಕದ ಹಾಗೆ ಐದಕ್ಕೊಂದು ಅಡ್ಡಗೀಟು.
ತೊಂಬತ್ತೇಳನೆಯ ಕೊಡಕ್ಕೆ
ಗಾಜು ಹೊಟ್ಟೆ ಮುಂದೆ ಮಾಡಿತು.
ಎಡಮೂಲೆಯಲ್ಲಿ ಒಂದು ಹನಿ.
ಒರೆಸಿದೆ.
ಮತ್ತೊಂದು.

"ಉದ್ದ ಎಷ್ಟಾದರೂ ಇರಲಿ, ನೀರಿಗೆ ಅದು ಗೊತ್ತಾಗಲ್ಲಣ್ಣ,
ಅದಕ್ಕೆ ಗೊತ್ತಿರೋದು ಆಳ ಒಂದೇ.
ಖಾಲಿ ಮಾಡು."

ಅವತ್ತು ನಮ್ಮ ಓಣಿಗೆ ಸರದಿಯಿಲ್ಲದ ದಿನ.
ಕಿಟಕಿಯಿಂದ ಪೈಪು ಹೊರಹಾಕಿ, ಬಾಯಲ್ಲಿ ಎಳೆದು ಬಿಟ್ಟೆ.
ಕುಡಿಯಕ್ಕಲ್ಲ, ಕುಡಿಯಕ್ಕಲ್ಲ ಎಂದು ಕೂಗಿಕೊಂಡರೂ
ಬಕೆಟ್ಟು, ಡ್ರಮ್ಮು, ಇಡ್ಲಿ ದಬರಿ ಸಹ ಬಂದವು.
ಮೇರಿ ಟೀಚರು ಕಣಗಿಲೆಗೆ ಹೊಯ್ದರು,
ಯಾರದೋ ಸ್ಕೂಟರು ಹೊಸದಾಯಿತು,
ಇಬ್ಬರು ಹುಡುಗರು ಜಗಳ ಕಾದು ಇಬ್ಬರೂ ನೆನೆದರು.
ನಾನು ಪೈಪಿನ ಬುಡದಲ್ಲಿ ಕೂತು ನೋಡಿದೆ,
ನನ್ನ ನೀರು ಯಾರ ಯಾರ ಕೈಗೆ ಹೋಗುತ್ತದೆಂದು,
ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ.

ಗೀಟು ಅಳಿಸಲು ಹೋದರೆ ಹನುಮಕ್ಕ ತಡೆದಳು:
"ನನ್ನ ಸೊಂಟ ಮರೆತಿಲ್ಲ, ಗೋಡೆ ಯಾಕೆ ಮರೀಬೇಕು?"

ಮುನಾಫ್ ಸುತ್ತ ಕಬ್ಬಿಣದ ಒಡ್ಯಾಣ ಬೆಸೆದ,
ಮೇಲೆ ಎರಡು ಅಡ್ಡಪಟ್ಟಿ.
ಕಿಡಿ ತಾಗಿ ಪ್ಲೈವುಡ್ಡಿನ ಅಂಚು ಕರಕಲಾಯಿತು,
ದೃಷ್ಟಿಬೊಟ್ಟು ಬಿಡು ಅಂದ.
ಸಿಲಿಕೋನ್ ಒಣಗಲು ಎಂಟು ದಿನ.
ಮತ್ತೆ ಒಂದರಿಂದ ಹಿಡಿದು ನೂರ ಮೂವತ್ತಾರು.
ಮೂಲೆಗೆ ಹಳೇ ಪೇಪರು ಹಾಸಿ
ರಾತ್ರಿಯಿಡೀ ಬೆರಳಿಂದ ಮುಟ್ಟಿ ಮುಟ್ಟಿ ನೋಡಿದೆ.
ಒಣಗಿತ್ತು.
ನಾಲ್ಕಕ್ಕೆ ಡ್ಯೂಟಿಗೆ ಹೊರಟಾಗಲೂ.

ಕ್ಲೋರಿನ್ ಹೋಗಲೆಂದು ನಾಲ್ಕು ದಿನ ಬಿಟ್ಟು
ಗಾಜನೂರಿನ ಕಡೆಯ ಹಳ್ಳದಿಂದ ಹದಿನೇಳು ಗೆಂಡೆ ತಂದೆ.
ಬಣ್ಣವಿಲ್ಲ, ಬೆಲೆಯಿಲ್ಲ.
ನೋಡಲು ಬಂದವರು "ಇವೇನಾ?" ಎಂದರು.

ಮೊನ್ನೆ ಜಾವದಲ್ಲಿ ವರ್ಷದ ಮೊದಲ ಗುಡುಗು.
ಹತ್ತುಮೀನಿನ ಕಾಲ,
ಹೊಳೆ ಬಿಟ್ಟು ಗದ್ದೆಗೆ ಏರುವ ಹೊತ್ತು.
ಗಾಜಿನೊಳಗೆ ಯಾರು ಹೇಳಿದರೋ—
ಹದಿನೇಳೂ ಫಿಲ್ಟರಿನ ನೀರು ಬೀಳುವ ಮೂಲೆಗೆ ಬಂದು
ಆ ಬೊಗಸೆಯಷ್ಟು ಧಾರೆಗೆ ಮೂತಿ ಕೊಟ್ಟು
ಮೇಲಕ್ಕೆ, ಮೇಲಕ್ಕೆ.
ಒಂದು ನೆಗೆದು ಒಡ್ಯಾಣಕ್ಕೆ ಬಡಿಯಿತು.

ಕೀಲಿ ಹಿಡಿದು ನಿಂತೇ ಇದ್ದೆ.
ಹನ್ನೊಂದು ಸುತ್ತು, ಎಡಕ್ಕೆ, ಗೊತ್ತು.
ಇವಕ್ಕೆ ಯಾವ ಮುಚ್ಚಳ ಎತ್ತಬೇಕು?

ಒಳಗಿಂದ ಹನುಮಕ್ಕ:
"ವಿನೋಬನಗರದವರು ಆಗಲೇ ಎರಡು ಸಲ ಫೋನ್ ಮಾಡಿದ್ರು."